ಹಿಂದಿರುಗದ ಕೈಗಡ

ನಮ್ಮ ಕಾಲೇಜಿನ ಕನ್ನಡ ವಿಭಾಗದಲ್ಲಿ, ಗೋಡೆ ಕಪಾಟಿನ ಕೆಳಗಿನ ಅರೆಯಲ್ಲಿ, ಒಂದು ಕಂಪ್ಯೂಟರು ಹಗಲಿರುಳೂ ನಡೆಯುತ್ತಿರುತ್ತದೆ. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಅದರ ಮುಂದೆ ಕುಳಿತು ಕೆಲಸ ಮಾಡುವವರೂ ಇಲ್ಲ. ಅದನ್ನು ಸರ್ವರ್ ಎಂದು ಕರೆಯುತ್ತಾರೆ. ಹೆಸರಿಗೆ ತಕ್ಕಂತೆ ಅದು ಸೇವಕನೇ ಸರಿ. ಓಲೆಗರಿಗಳ ಛಾಯಾಪ್ರತಿಗಳು, ವಿದ್ಯಾರ್ಥಿಗಳ ಪ್ರಬಂಧಗಳು, ಹಳ್ಳಿಗಳಿಂದ ಧ್ವನಿಮುದ್ರಿಸಿ ತಂದ ಹಾಡು-ಕಥೆಗಳು, ವಿಭಾಗದವರು ಹಲವು ವರ್ಷ ದುಡಿದು ಕೂಡಿಸಿದ್ದೆಲ್ಲವೂ ಅದರ ಹೊಟ್ಟೆಯಲ್ಲಿದೆ. ಓದುವ ಕೋಣೆಯಿಂದಾಗಲಿ ವಿದ್ಯಾರ್ಥಿನಿಲಯದಿಂದಾಗಲಿ ಯಾರು ಕೇಳಿದರೂ ಅದು ಬೇಕಾದ ಫೈಲನ್ನು ತೆಗೆದುಕೊಡುತ್ತದೆ. ಯಾರು ಏನನ್ನು ಒಪ್ಪಿಸಿದರೂ ತೆಗೆದಿರಿಸುತ್ತದೆ. ಒಂದು ಪುಸ್ತಕ ಭಂಡಾರದ ಕೆಲಸವನ್ನು ಅದು ಭಂಡಾರದ ಗುಮಾಸ್ತೆಯ ಗೊಣಗಾಟವಿಲ್ಲದೆ ಮಾಡುತ್ತದೆಯೆಂದು ನಾವೆಲ್ಲ ಅದನ್ನು ಮೆಚ್ಚಿಕೊಂಡಿದ್ದೆವು.

ಎರಡು ವರ್ಷಗಳ ಹಿಂದೆ ಅದಕ್ಕೊಂದು ವ್ಯಾಧಿ ಹತ್ತಿತು. ಮೊದಲ ಐದಾರು ದಿನ ಚುರುಕಾಗಿರುವುದು. ಏಳೆಂಟು ದಿನಕ್ಕೆ ಮಂದವಾಗುವುದು. ಹತ್ತನೆಯ ದಿನದ ಹೊತ್ತಿಗೆ ಒಂದು ಪುಟದ ಚಿತ್ರವನ್ನು ಕೇಳಿದವನು ಕಾಫಿ ಕುಡಿದು ಬಂದರೂ ಚಿತ್ರ ಬಂದಿರುತ್ತಿರಲಿಲ್ಲ. ಕಂಪ್ಯೂಟರುಗಳ ಮೇಲ್ವಿಚಾರಣೆ ನೋಡಿಕೊಳ್ಳುವವರು ಬಂದು ಗುಂಡಿಯನ್ನೊತ್ತಿ ಅದನ್ನು ಆರಿಸಿ ಮತ್ತೆ ಹೊತ್ತಿಸಿದರೆ ಹುಟ್ಟಿದ ಕೂಸಿನಂತೆ ಮತ್ತೆ ಚಟುವಟಿಕೆಯಿಂದಿರುತ್ತಿತ್ತು. ಹೀಗೆ ನಾಲ್ಕಾರು ಸಲ ಆದಮೇಲೆ ಅವರು ಒಂದು ಉಪಾಯ ಮಾಡಿದರು. ಪ್ರತಿ ರಾತ್ರಿ ಎರಡು ಗಂಟೆಗೆ ಸರ್ವರು ತನ್ನಷ್ಟಕ್ಕೆ ತಾನೇ ಆರಿ ಮತ್ತೆ ಹೊತ್ತಿಕೊಳ್ಳುವಂತೆ ಏರ್ಪಾಡು ಮಾಡಿಬಿಟ್ಟರು. ಅಂದಿನಿಂದ ಯಾರೂ ದೂರು ಹೇಳಲಿಲ್ಲ. ಕಾಯಿಲೆ ವಾಸಿಯಾಯಿತೆಂದು ನಾವೂ ಭಾವಿಸಿದೆವು. ಈ ಭಾವನೆಯೇ ತಪ್ಪು, ಈ ಉಪಾಯವೇ ಅಪಾಯ ಎಂದು ವಾದಿಸುವುದು ಈ ಬರಹದ ಉದ್ದೇಶ. ಕನ್ನಡದ ಮೇಷ್ಟರಿಗೆ ಈ ಉಸಾಬರಿ ಏಕೆಂದು ಕೇಳುವವರಿರಬಹುದು. ನಷ್ಟವಾದದ್ದು ಕನ್ನಡದ ಸ್ವತ್ತು. ಆದುದರಿಂದ ಮಾತನಾಡುವ ಹಕ್ಕು ನನಗೆ ಉಂಟೆಂದುಕೊಂಡಿದ್ದೇನೆ.

ನಷ್ಟದ ಕಥೆ ಇಷ್ಟು. ನಮ್ಮ ಎಂ. ಎ. ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿಯ ಊರಿಗೆ ಹೋಗಿ ಅಲ್ಲಿಯ ಮುದುಕಿಯೊಬ್ಬರಿಂದ ಬೀಸುವ ಪದಗಳನ್ನು ಧ್ವನಿಮುದ್ರಿಸಿಕೊಂಡು ಬಂದಳು. ಮೂರು ಗಂಟೆಗೂ ಮಿಕ್ಕಿದ ಹಾಡು. ರಾತ್ರಿ ಊಟವಾದಮೇಲೆ ವಿದ್ಯಾರ್ಥಿನಿಲಯದಿಂದ ಅದನ್ನು ಸರ್ವರಿಗೆ ಕಳುಹಿಸಲು ಹಚ್ಚಿ ಮಲಗಿದಳು. ಅಲ್ಲಿಯ ಜಾಲ ಬಹಳ ನಿಧಾನ. ಎರಡು ಗಂಟೆಯ ಹೊತ್ತಿಗೆ ಅರ್ಧ ಹಾಡು ಹೋಗಿತ್ತೆಂದು ಕಾಣುತ್ತದೆ. ಸರ್ವರು ತನ್ನ ನೇಮದಂತೆ ಆರಿತು. ಅವಳ ಕಂಪ್ಯೂಟರು ಆ ಸಂಗತಿಯನ್ನು ಪರದೆಯ ಮೇಲೆ ಬರೆದಿರಲೂಬಹುದು. ಆದರೆ ಬೆಳಗಾಗುವುದರೊಳಗೆ ಅದರ ಬ್ಯಾಟರಿಯೂ ಮುಗಿದು ಪರದೆ ಕಪ್ಪಾಗಿತ್ತು. ಬೆಳಗ್ಗೆ ವಿಭಾಗಕ್ಕೆ ಬಂದು ನೋಡಿದರೆ ಫೈಲಿನ ಹೆಸರು ಇದೆ, ಗಾತ್ರವೂ ಪೂರ್ತಿ ಇದೆ. ವಿಂಡೋಸಿನಲ್ಲಿ ನಕಲು ಮಾಡುವಾಗ ಬರಬೇಕಾದ ಫೈಲಿಗೆ ಮೊದಲೇ ಪೂರ್ಣ ಗಾತ್ರದ ಜಾಗವನ್ನು ಗುರುತು ಹಾಕಿ ಆಮೇಲೆ ತುಂಬುವ ಪದ್ಧತಿಯುಂಟು. ಇದು ಆ ಹುಡುಗಿಗೆ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಕೆಲಸವಾಯಿತೆಂದುಕೊಂಡು ಅವಳು ಮುಂದಿನ ಊರಿಗಾಗಿ ಮುದ್ರಣಯಂತ್ರವನ್ನು ಬರಿದು ಮಾಡಿದಳು. ತಿಂಗಳ ಮೇಲೆ ಬರೆದಿಳಿಸಲು ಕುಳಿತಾಗ ಗೊತ್ತಾಯಿತು: ಅರ್ಧದವರೆಗೆ ಹಾಡು, ಆಮೇಲೆ ಮೌನ.

ಅವಳು ಮತ್ತೆ ಹೋದಳು. ಮುದುಕಿ ಬೇಸರಪಡದೆ ಮತ್ತೆ ಹಾಡಿದರು. ಆದರೆ ಬಾಯಿಪಾಠದ ಹಾಡು ಅಚ್ಚಿನ ಪುಸ್ತಕವಲ್ಲ. ಎರಡನೆಯ ಸಲ ಹಾಡಿದ್ದು ಎರಡನೆಯ ಹಾಡೇ ಆಗಿತ್ತು. ಮೊದಲ ಸಲ ಬಂದಿದ್ದ ಒಂದು ಕಥೆ, ತವರಿಗೆ ಹೊರಟ ಮಗಳು ಹೊಳೆ ದಾಟಲಾರದೆ ನಿಂತ ಕಥೆಯಂತೆ, ಈ ಸಲ ಅವರ ನಾಲಿಗೆಗೆ ಬರಲಿಲ್ಲ. "ಅದ್ಯಾವ್ದವ್ವ, ನಾನು ಆಡಿದ್ನ?" ಎಂದು ಅವಳನ್ನೇ ಕೇಳಿದರಂತೆ. ಆ ಹುಡುಗಿ ಇದನ್ನು ನನಗೆ ಹೇಳುವಾಗ ಯಾರ ಮೇಲೂ ತಪ್ಪು ಹೊರಿಸಲಿಲ್ಲ. "ನಾನೇ ಒಂದು ಸಲ ಪೂರ್ತಿ ಕೇಳಿ ನೋಡಬೇಕಿತ್ತು, ಸಾರ್" ಎಂದಳು. ಕೇಳಿ ನೋಡಬೇಕಿತ್ತು, ನಿಜ. ಆದರೆ ರಾತ್ರಿ ಎರಡು ಗಂಟೆಗೆ ಬಾಗಿಲು ಹಾಕುವ ಭಂಡಾರ, ಬಾಗಿಲು ಹಾಕುತ್ತೇನೆಂದು ಒಂದು ಫಲಕವನ್ನಾದರೂ ತಗುಲಿಸಬೇಕಿತ್ತಲ್ಲವೇ?

ಈ ವ್ಯಾಧಿಗೆ ಇಂಗ್ಲಿಷಿನವರು ಮೆಮೊರಿ ಲೀಕ್ ಎಂದು ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಕೆಲವರು ಅದನ್ನು 'ಸ್ಮೃತಿ ಸೋರಿಕೆ' ಎಂದು ಕನ್ನಡಿಸುತ್ತಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಮೂಲದ ಮಾತೇ ಒಪ್ಪಿಗೆಯಿಲ್ಲದ ಮೇಲೆ ಅದರ ಭಾಷಾಂತರ ಹೇಗೆ ಒಪ್ಪಿಗೆಯಾದೀತು? ಸೋರುವ ಕೊಡ ಬರಿದಾಗುತ್ತದೆ. ಇಲ್ಲಿ ಕೊಡ ತುಂಬುತ್ತ ಹೋಗುತ್ತದೆ. ಒಂದು ಹನಿಯೂ ಹೊರಗೆ ಹೋಗುವುದಿಲ್ಲ. ಒಳಗೆ ಬಂದದ್ದು ಹೊರಗೆ ಹೋಗದಿರುವುದೇ ರೋಗ. ಸೋರಿಕೆಯೆಂದ ಕೂಡಲೆ ನಮ್ಮ ಮನಸ್ಸು ತೂತನ್ನು ಹುಡುಕಲು ಹೊರಡುತ್ತದೆ. ತೂತು ಇಲ್ಲವೇ ಇಲ್ಲ.

ಸಂಗತಿ ಏನೆಂದರೆ, ಕಂಪ್ಯೂಟರಿನಲ್ಲಿ ನಡೆಯುವ ಪ್ರತಿಯೊಂದು ಕಾರ್ಯಕ್ರಮವೂ ತನ್ನ ಕೆಲಸಕ್ಕೆ ಬೇಕಾದಷ್ಟು ಸ್ಮೃತಿಯನ್ನು, ಎಂದರೆ ಬರೆದುಕೊಳ್ಳುವ ಜಾಗವನ್ನು, ಯಜಮಾನನಿಂದ ಕೇಳಿ ಪಡೆಯುತ್ತದೆ. ಯಜಮಾನನೆಂದರೆ ಕಂಪ್ಯೂಟರನ್ನೇ ಆಳುವ ಕಾರ್ಯವ್ಯವಸ್ಥೆ. ನಮ್ಮ ಸರ್ವರಿನಲ್ಲಿ ಲಿನಕ್ಸ್. ಡೆನ್ನಿಸ್ ರಿಚಿ 1970ರ ದಶಕದ ಮೊದಲಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ರೂಪಿಸಿದ ಸಿ ಭಾಷೆಯಲ್ಲಿ ಜಾಗವನ್ನು ಕೇಳಲು 'ಮ್ಯಾಲಕ್' ಎಂದೊಂದು ಪದ, ಹಿಂದಿರುಗಿಸಲು 'ಫ್ರೀ' ಎಂದೊಂದು ಪದ. ಕೇಳಿದವನೇ ನೆನಪಿಟ್ಟುಕೊಂಡು ಹಿಂದಿರುಗಿಸಬೇಕು; ಯಾರೂ ಬಂದು ವಸೂಲು ಮಾಡುವುದಿಲ್ಲ. ನೆರೆಮನೆಯಿಂದ ಒಂದು ಲೋಟ ಸಕ್ಕರೆ ತಂದವರು ನೆನಪಿಟ್ಟುಕೊಂಡು ಹಿಂದಕ್ಕೆ ಕೊಡುವಂತೆ. ಇದಕ್ಕೆ ನಮ್ಮಲ್ಲಿ ಒಳ್ಳೆಯ ಮಾತೊಂದಿದೆ: ಕೈಗಡ. ಪತ್ರವಿಲ್ಲ, ಬಡ್ಡಿಯಿಲ್ಲ, ಸಾಕ್ಷಿಯಿಲ್ಲ. ಎಲ್ಲವೂ ನಂಬಿಕೆಯ ಮೇಲೆ. ಹಿಂದಿರುಗದ ಕೈಗಡವೇ ಈ ವ್ಯಾಧಿ. ಒಂದೊಂದು ಕೈಗಡ ಅತ್ಯಲ್ಪ, ಲೆಕ್ಕಕ್ಕೇ ಇಲ್ಲದಷ್ಟು. ಆದರೆ ಕೇಳುವ ಕೈ ಸೆಕೆಂಡಿಗೊಮ್ಮೆ ಚಾಚುತ್ತಿದ್ದರೆ ಯಜಮಾನನ ಉಗ್ರಾಣ ಒಂದು ದಿನ ಬರಿದಾಗಲೇಬೇಕು. ಆಗ ಅವನು ಸ್ಮೃತಿಯಲ್ಲಿರುವ ಸಾಮಾನನ್ನು ಡಿಸ್ಕಿಗೆ ಸಾಗಿಸುವುದು, ಬೇಕಾದಾಗ ಮತ್ತೆ ಹೊತ್ತು ತರುವುದು, ಈ ಕೂಲಿಯಲ್ಲೇ ಹೊತ್ತು ಕಳೆಯುತ್ತಾನೆ. ನಮ್ಮ ಸರ್ವರು ಹತ್ತನೆಯ ದಿನ ಮಂಕಾಗುತ್ತಿದ್ದುದು ಹೀಗೆ.

ಈ ಹೆಸರಿನ ಜಗಳ ಬರಿಯ ಪಂಡಿತರ ಚಪಲವಲ್ಲವೆಂಬುದಕ್ಕೆ ಇನ್ನೊಂದು ಕಾರಣ ಕೊಡುತ್ತೇನೆ. ಹಿಂದಿರುಗದ ಕೈಗಡದಲ್ಲಿ ಎರಡು ಬಗೆ. ಸಾಲ ತಂದವನು ತಂದದ್ದನ್ನು ಎಲ್ಲಿಟ್ಟೆನೆಂಬುದನ್ನೇ ಮರೆಯುವುದು ಒಂದು ಬಗೆ. ಎಲ್ಲಿದೆಯೆಂದು ಚೆನ್ನಾಗಿ ಗೊತ್ತಿದ್ದೂ, ತನಗೆ ಬೇಡವಾಗಿದ್ದೂ, ಕಟ್ಟಿಟ್ಟುಕೊಂಡು ಕೂರುವುದು ಇನ್ನೊಂದು ಬಗೆ. ಮೊದಲನೆಯದು ಮರೆವು, ಎರಡನೆಯದು ಜಿಪುಣತನ. ಜಾನ್ ಮೆಕಾರ್ಥಿ ಲಿಸ್ಪ್ ಎಂಬ ಭಾಷೆಯನ್ನು ಕುರಿತು 1960ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ವಾರಸುದಾರರಿಲ್ಲದ ಜಾಗವನ್ನು ಯಂತ್ರವೇ ಹುಡುಕಿ ಗುಡಿಸಿ ಹಾಕುವ ಕ್ರಮವನ್ನು ವಿವರಿಸಿದನು. ಈಗಿನ ಅನೇಕ ಭಾಷೆಗಳಲ್ಲಿ ಆ ಕ್ರಮವುಂಟು. ಮರೆವಿಗೆ ಅದು ಮದ್ದು. ಜಿಪುಣತನಕ್ಕೆ ಅದೂ ಮದ್ದಲ್ಲ. ಒಡೆಯನು ಕೈಯಲ್ಲಿ ಹಿಡಿದುಕೊಂಡೇ ಇರುವುದನ್ನು ಗುಡಿಸುವವನು ಕಸವೆಂದು ಹೇಗೆ ತಿಳಿದಾನು? ನಮ್ಮ ಸರ್ವರಿನ ರೋಗ ಈ ಎರಡನೆಯ ಜಾತಿಯದೆಂದು ಆಮೇಲೆ ತಿಳಿಯಿತು.

ಆರಿಸಿ ಹೊತ್ತಿಸಿದರೆ ಏಕೆ ಸರಿಹೋಗುತ್ತದೆ? ಕಾರ್ಯಕ್ರಮ ಮುಗಿದೊಡನೆ ಅದು ಹಿಡಿದಿದ್ದ ಜಾಗವನ್ನೆಲ್ಲ ಯಜಮಾನನು ತಾನಾಗಿಯೇ ವಶಪಡಿಸಿಕೊಳ್ಳುತ್ತಾನೆ. ಸಾಲಗಾರ ಸತ್ತರೆ ಸಾಲ ತೀರಿದಂತೆ. ಆದರೆ ಯಾರು ಸಾಲ ಮಾಡಿದರು, ಯಾವಾಗ ಮಾಡಿದರು, ಎಷ್ಟು ಮಾಡಿದರು ಎಂಬ ಲೆಕ್ಕವೂ ಅದರೊಡನೆಯೇ ಬೂದಿಯಾಗುತ್ತದೆ. ನನ್ನ ತಕರಾರಿನ ತಿರುಳು ಇದು. ರೀಸ್ಟಾರ್ಟು ರೋಗವನ್ನು ಕಳೆಯುವುದಿಲ್ಲ, ರೋಗದ ಸಾಕ್ಷ್ಯವನ್ನು ಕಳೆಯುತ್ತದೆ. ಗ್ರಂಥಸಂಪಾದನೆಯನ್ನು ಪಾಠ ಹೇಳುವವನಿಗೆ ಇದು ಬೇಗ ಅರ್ಥವಾಗುತ್ತದೆ. ಓಲೆಯಲ್ಲಿ ಒಂದು ಅಕ್ಷರ ಕೆಟ್ಟಿದ್ದರೆ ನಾವು ಅದನ್ನು ಉಜ್ಜಿ ಹಾಕಿ ಚೆಂದದ ಅಕ್ಷರವನ್ನು ಬರೆದುಬಿಡುವುದಿಲ್ಲ. ಕೆಟ್ಟ ಪಾಠವನ್ನು ಕೆಟ್ಟಂತೆಯೇ ಅಡಿಯಲ್ಲಿ ಗುರುತಿಸುತ್ತೇವೆ. ಲಿಪಿಕಾರ ಎಲ್ಲಿ ತಪ್ಪಿದನು, ಏಕೆ ತಪ್ಪಿದನು ಎಂಬುದು ಆ ಕೆಟ್ಟ ಅಕ್ಷರದಲ್ಲೇ ಇದೆ.

ಈ ವಿಷಯದಲ್ಲಿ ಲೋಕಕ್ಕೆ ಪಾಠ ಕಲಿಸಿದ ಘಟನೆಯೊಂದು 1992ರಲ್ಲಿ ಲಂಡನ್ನಿನಲ್ಲಿ ನಡೆಯಿತು. ಅದೂ ಒಂದು ಫೈಲ್ ಸರ್ವರಿನ ಕಥೆಯೇ. ಆ ನಗರದ ಆಂಬುಲೆನ್ಸ್ ಸೇವೆಯವರು ಅದೇ ವರ್ಷದ ಅಕ್ಟೋಬರ್ 26ರಂದು, ರೋಗಿಗಳ ಕರೆಗಳನ್ನು ಬರೆದುಕೊಂಡು ವಾಹನಗಳನ್ನು ಕಳುಹಿಸುವ ಕೆಲಸವನ್ನು ಕಂಪ್ಯೂಟರಿಗೆ ಪೂರ್ತಿಯಾಗಿ ಒಪ್ಪಿಸಿದರು. ಎರಡೇ ದಿನದಲ್ಲಿ ಆ ಏರ್ಪಾಡು ಕುಸಿಯಿತು. ಅದಕ್ಕೆ ಕಾರಣಗಳು ಅನೇಕ, ಅವೆಲ್ಲ ಇಲ್ಲಿ ಬೇಡ. ಅರ್ಧ ಕೈಕೆಲಸ, ಅರ್ಧ ಕಂಪ್ಯೂಟರು ಎಂಬ ಹಳೆಯ ಕ್ರಮಕ್ಕೆ ಅವರು ಹಿಂದಿರುಗಿದರು. ನವೆಂಬರ್ 4ರಂದು ಬೆಳಗಿನ ಜಾವ ಎರಡು ಗಂಟೆ ಕಳೆದಮೇಲೆ ಆ ಅರ್ಧವೂ ಮಂದವಾಯಿತು. ಸ್ವಲ್ಪ ಹೊತ್ತಿಗೆ ಸ್ತಬ್ಧವಾಯಿತು. ಕೋಣೆಯಲ್ಲಿದ್ದವರು ತಮಗೆ ಹೇಳಿಕೊಟ್ಟಿದ್ದಂತೆ ತಮ್ಮ ಮುಂದಿನ ಯಂತ್ರಗಳನ್ನು ಆರಿಸಿ ಹೊತ್ತಿಸಿದರು. ಪ್ರಯೋಜನವಾಗಲಿಲ್ಲ. ಒಳಗೆ ಬಂದಿದ್ದ ಕರೆಗಳನ್ನು ಮುದ್ರಿಸಿ ತೆಗೆಯಲೂ ಆಗಲಿಲ್ಲ. ಕೊನೆಗೆ ಕಾಗದ, ಪೆನ್ನು, ಟೆಲಿಫೋನುಗಳೇ ಗತಿಯಾದುವು. ಕರೆಗಳು ಕಡಿಮೆಯಿರುವ ಹೊತ್ತಾದುದರಿಂದ ಅನಾಹುತ ಮಿತಿಯಲ್ಲಿ ನಿಂತಿತು.

ವಿಚಾರಣಾ ಸಮಿತಿ 1993ರ ಫೆಬ್ರವರಿಯಲ್ಲಿ ಕೊಟ್ಟ ವರದಿಯಲ್ಲಿ ಇದರ ಕಾರಣವನ್ನು ಹೇಳಿದೆ. ಸುಮಾರು ಮೂರು ವಾರಗಳ ಹಿಂದೆ, ಬೇರೇನೋ ಕೆಲಸ ಮಾಡುತ್ತಿದ್ದ ಪ್ರೋಗ್ರಾಮರೊಬ್ಬರು ಒಂದು ತುಣುಕು ಬರಹವನ್ನು ತೆಗೆಯಲು ಮರೆತು ಅಲ್ಲಿಯೇ ಬಿಟ್ಟಿದ್ದರು. ಒಂದೊಂದು ವಾಹನವನ್ನು ಕಳುಹಿಸಿದಾಗಲೂ ಆ ತುಣುಕು ಫೈಲ್ ಸರ್ವರಿನ ಸ್ಮೃತಿಯಲ್ಲಿ ಅಷ್ಟಿಷ್ಟು ಜಾಗವನ್ನು ಹಿಡಿದುಕೊಳ್ಳುತ್ತಿತ್ತು, ಬಿಡುತ್ತಿರಲಿಲ್ಲ. ಮೂರು ವಾರಕ್ಕೆ ಜಾಗವೆಲ್ಲ ಮುಗಿಯಿತು. ಒಂದು ಸರ್ವರು ಕೆಟ್ಟರೆ ಇನ್ನೊಂದು ಕೈಹಿಡಿಯಬೇಕೆಂದು ಯೋಜನೆಯಲ್ಲೇನೋ ಇತ್ತು. ಆದರೆ ಕಾಗದವೇ ಇಲ್ಲದ ಪೂರ್ಣ ಏರ್ಪಾಡಿಗೆಂದು ಹೊಸೆದ ಆಸರೆ ಅದು. ಆ ಅರ್ಧಂಬರ್ಧ ಸ್ಥಿತಿಯಲ್ಲಿ ಅದು ಕೆಲಸಕ್ಕೆ ಬರಲಿಲ್ಲ. ನನಗೆ ಈ ಕಥೆಯಲ್ಲಿ ಬಹಳ ನಾಟಿದ್ದು ಮೂರು ವಾರವೆಂಬ ಆ ಅವಧಿ. ತಪ್ಪು ನಡೆದ ದಿನ ಯಾರಿಗೂ ಏನೂ ಕಾಣಲಿಲ್ಲ. ಪರೀಕ್ಷೆ ಮಾಡಿದ್ದರೂ, ಒಂದು ಮಧ್ಯಾಹ್ನದ ಪರೀಕ್ಷೆಯಲ್ಲಿ ಅದು ಕಾಣುತ್ತಿರಲಿಲ್ಲ. ಹೊತ್ತು ಹೋದಂತೆ ಮಾತ್ರ ಕಾಣುವ ತಪ್ಪನ್ನು ಹೊತ್ತು ಕೊಟ್ಟೇ ನೋಡಬೇಕು. ಪ್ರತಿ ರಾತ್ರಿ ಸೊನ್ನೆಯಿಂದ ಆರಂಭಿಸುವ ಸರ್ವರಿಗೆ ಆ ಹೊತ್ತನ್ನು ನಾವು ಎಲ್ಲಿಂದ ಕೊಟ್ಟೇವು?

ರೀಸ್ಟಾರ್ಟಿನ ಪಕ್ಷದವರಿಗೂ ಒಂದು ವಾದವುಂಟು. ಅದನ್ನು ಕೇಳದಿದ್ದರೆ ಅನ್ಯಾಯವಾದೀತು. ಮೂಲವನ್ನು ಹುಡುಕುವ ತನಕ ಕೆಲಸ ನಿಲ್ಲಬಾರದಲ್ಲ ಎನ್ನುತ್ತಾರೆ ಅವರು. ಸರಿ. ಆದರೆ ತಾತ್ಕಾಲಿಕ ಉಪಾಯಕ್ಕೂ ಒಂದು ಶಿಸ್ತು ಬೇಕು. ಎರಡು ನಿದರ್ಶನಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಬಹುದು. ಎರಡೂ ಸ್ಮೃತಿ ಮುಗಿದ ಪ್ರಸಂಗಗಳಲ್ಲ, ಅಂಕಗಣಿತ ತಪ್ಪಿದ ಪ್ರಸಂಗಗಳು. ಆದರೆ ಎರಡಕ್ಕೂ ಆಗ ಕೈಯಲ್ಲಿದ್ದ ಮದ್ದು ರೀಸ್ಟಾರ್ಟೇ. 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯ ಗಡಿಯಾರದ ಲೆಕ್ಕ, ಹೊತ್ತು ಹೋದಂತೆ ಸ್ವಲ್ಪ ಸ್ವಲ್ಪವಾಗಿ ತಪ್ಪುತ್ತಿತ್ತು. ಬಹಳ ಹೊತ್ತು ಎಡೆಬಿಡದೆ ನಡೆಸಿದರೆ ಗುರಿ ತಪ್ಪೀತೆಂದು ಫೆಬ್ರವರಿ 21ರಂದು ಎಚ್ಚರಿಕೆ ಹೋಯಿತು. ಬಹಳ ಹೊತ್ತೆಂದರೆ ಎಷ್ಟು ಹೊತ್ತೆಂದು ಅದರಲ್ಲಿ ಬರೆದಿರಲಿಲ್ಲ. ಸೌದಿ ಅರೇಬಿಯದ ದಹ್ರಾನಿನಲ್ಲಿದ್ದ ಯಂತ್ರ ನೂರು ಗಂಟೆಗೂ ಮೇಲ್ಪಟ್ಟು ನಡೆಯುತ್ತಿತ್ತು. 25ರಂದು ಬಂದ ಕ್ಷಿಪಣಿಯನ್ನು ಅದು ಗುರುತಿಸಲಾಗದೆ 28 ಮಂದಿ ಸೈನಿಕರು ಸತ್ತರು. ತಿದ್ದಿದ ಕಾರ್ಯಕ್ರಮ ಅಲ್ಲಿಗೆ ತಲಪಿದ್ದು ಮಾರನೆಯ ದಿನ. ಇನ್ನೊಂದು ನಿದರ್ಶನ 2015ರದು. ಬೋಯಿಂಗ್ 787 ವಿಮಾನದ ವಿದ್ಯುತ್ ಯಂತ್ರಗಳನ್ನು ನಿಯಂತ್ರಿಸುವ ಭಾಗಗಳು 248 ದಿನ ನಿರಂತರವಾಗಿ ಚಾಲೂ ಇದ್ದರೆ ಒಮ್ಮೆಗೇ ನಿಂತುಹೋಗಬಹುದೆಂದು ಪರೀಕ್ಷೆಯಲ್ಲಿ ಕಂಡುಬಂತು. ಕಾರಣ ಇಂಥದು, ದಿನ ಇಷ್ಟು, ಅಷ್ಟರೊಳಗೆ ಆರಿಸಿ ಹೊತ್ತಿಸತಕ್ಕದ್ದು ಎಂದು ಅಮೆರಿಕದ ವಿಮಾನಯಾನದ ಅಧಿಕಾರಿಗಳು ಬರಹದಲ್ಲಿ ಆಜ್ಞೆ ಮಾಡಿದರು. ಎರಡೂ ಕಡೆ ಮದ್ದು ಒಂದೇ. ಒಂದು ಕಡೆ ಪ್ರಮಾಣವಿಲ್ಲ. ಇನ್ನೊಂದು ಕಡೆ ಕಾರಣವೂ ಪ್ರಮಾಣವೂ ಇವೆ. ನಮ್ಮ ವಿಭಾಗದ ರಾತ್ರಿಯ ಎರಡು ಗಂಟೆಗೆ ಕಾರಣವೂ ಇರಲಿಲ್ಲ, ಪ್ರಮಾಣವೂ ಇರಲಿಲ್ಲ. ಹತ್ತು ದಿನಕ್ಕೊಮ್ಮೆ ಸಾಕಾಗುತ್ತಿದ್ದುದನ್ನು ದಿನಕ್ಕೊಮ್ಮೆ ಮಾಡಿದೆವು, ಅಷ್ಟೆ.

ಹಾಡು ಕಳೆದ ಸಂಗತಿ ತಿಳಿದಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಬೆಂಗಳೂರಿನಲ್ಲಿ ಕಂಪ್ಯೂಟರು ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿಕಳುಹಿಸಿದೆ. ಅವನು ಒಂದು ಭಾನುವಾರ ಬಂದು, ಕಪಾಟಿನ ಮುಂದೆ ನೆಲದ ಮೇಲೆ ಕುಳಿತು, "ಮೊದಲು ಇದು ರೋಗವೋ ಅಲ್ಲವೋ ನೋಡೋಣ, ಸಾರ್" ಎಂದ. ಅದೇನಯ್ಯಾ ಎಂದರೆ ಅವನು ಹೇಳಿದ್ದು ಸೊಗಸಾಗಿತ್ತು. ಲಿನಕ್ಸಿನಲ್ಲಿ ಖಾಲಿ ಸ್ಮೃತಿ ಕಡಿಮೆಯೆಂದು ಕಂಡ ಮಾತ್ರಕ್ಕೆ ಗಾಬರಿಯಾಗಬಾರದಂತೆ. ಯಾರೂ ಕೇಳದ ಜಾಗವನ್ನು ಯಜಮಾನನು ಸುಮ್ಮನೆ ಬಿಡದೆ, ಈಚೆಗೆ ಓದಿದ ಫೈಲುಗಳ ಪ್ರತಿಗಳನ್ನು ಅಲ್ಲಿ ಇರಿಸಿಕೊಂಡಿರುತ್ತಾನೆ. ಯಾರಾದರೂ ಕೇಳಿದೊಡನೆ ಅದನ್ನು ತೆರವು ಮಾಡಿಕೊಡುತ್ತಾನೆ. ಫೈಲುಗಳನ್ನೇ ಹಂಚುವ ಸರ್ವರಿನಲ್ಲಿ ಇದು ಇನ್ನೂ ಹೆಚ್ಚು. ಆದುದರಿಂದ 'ಖಾಲಿ' ಎಂಬ ಅಂಕಣವನ್ನು ಬಿಟ್ಟು 'ದೊರೆಯಬಹುದಾದ' ಎಂಬ ಅಂಕಣವನ್ನು ನೋಡಬೇಕು. ಎಷ್ಟೋ ಜನ ಮೊದಲ ಅಂಕಣವನ್ನು ನೋಡಿಯೇ ಹೊಸ ಸ್ಮೃತಿಯ ಹಲಗೆಗಳನ್ನು ಕೊಳ್ಳುತ್ತಾರಂತೆ. ನಮ್ಮ ಕಾಲೇಜಿನ ಖರೀದಿ ಸಮಿತಿಯ ಮುಂದೆಯೂ ಅಂಥ ಒಂದು ಸೂಚನೆ ಇದ್ದದ್ದು ನನಗೆ ನೆನಪಾಯಿತು, ನಾನು ಮಾತನಾಡಲಿಲ್ಲ.

ನಮ್ಮ ಸರ್ವರಿನಲ್ಲಿ ಫೈಲುಗಳನ್ನು ಹಂಚುವ ಕಾರ್ಯಕ್ರಮದ ಹೆಸರು ಸಾಂಬಾ. ಶಿವನ ಹೆಸರಿಗೆ ಸಮೀಪವಾದ ಈ ಹೆಸರು ಎಲ್ಲಿಂದ ಬಂತೆಂದು ವಿಚಾರಿಸಿದೆ. ಆಂಡ್ರ್ಯೂ ಟ್ರಿಜೆಲ್ ಎಂಬಾತ ಆಸ್ಟ್ರೇಲಿಯದ ಕ್ಯಾನ್‌ಬೆರಾದ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ, 1991ರ ಕೊನೆಯಲ್ಲಿ ಅದನ್ನು ಬರೆಯಲು ತೊಡಗಿದನು. ಕಂಪ್ಯೂಟರುಗಳು ಫೈಲುಗಳನ್ನು ಕೇಳುವ ಕೊಡುವ ಸಂಕೇತ ಪದ್ಧತಿಗೆ ಎಸ್, ಎಂ, ಬಿ ಎಂಬ ಮೂರಕ್ಷರದ ಹೆಸರು. ಆತ ಮೊದಲು ಇಟ್ಟ ಹೆಸರು ಬೇರೊಂದು ಸಂಸ್ಥೆಯದೆಂದು ತಿಳಿದಮೇಲೆ, ಈ ಮೂರಕ್ಷರಗಳು ಇದೇ ಅನುಕ್ರಮದಲ್ಲಿ ಬರುವ ಪದ ಯಾವುದೆಂದು ನಿಘಂಟಿನಲ್ಲಿ ಯಂತ್ರದಿಂದ ಹುಡುಕಿಸಿದನು. ಬ್ರೆಜಿಲ್ ದೇಶದ ಒಂದು ಕುಣಿತದ ಹೆಸರು ಸಿಕ್ಕಿತು. ನಿಘಂಟನ್ನು ಇಂಥ ಕೆಲಸಕ್ಕೂ ಬಳಸಬಹುದೆಂದು ನನಗೆ ಹೊಳೆದಿರಲಿಲ್ಲ.

ಸಾಂಬಾದ ಕ್ರಮವೇನೆಂದರೆ, ಹೊರಗಿನ ಒಂದೊಂದು ಕಂಪ್ಯೂಟರು ಬಂದು ಬಾಗಿಲು ತಟ್ಟಿದಾಗಲೂ ಅದಕ್ಕಾಗಿಯೇ ಒಬ್ಬ ಪ್ರತ್ಯೇಕ ಆಳನ್ನು ನೇಮಿಸುತ್ತದೆ. ಆ ಕಂಪ್ಯೂಟರು ಹೊರಟುಹೋದರೆ ಆಳೂ ಹೋಗುತ್ತಾನೆ. ಅವನ ಕೈಯಲ್ಲಿದ್ದ ಜಾಗವೆಲ್ಲ ಹಿಂದಕ್ಕೆ ಬರುತ್ತದೆ. "ಆದ್ದರಿಂದ ಒಟ್ಟು ಎಷ್ಟು ಖರ್ಚಾಯಿತು ಅಂತ ನೋಡಬಾರದು ಸಾರ್, ಯಾವ ಆಳು ಬೆಳೀತಿದ್ದಾನೆ ಅಂತ ನೋಡಬೇಕು" ಎಂದು ಅವನು ಗಂಟೆಗೊಮ್ಮೆ ಎಲ್ಲ ಆಳುಗಳ ತೂಕವನ್ನು ಬರೆದಿಡುವ ಒಂದು ಸಣ್ಣ ಏರ್ಪಾಡು ಮಾಡಿದ. ರಾತ್ರಿಯ ರೀಸ್ಟಾರ್ಟನ್ನು ಎಂಟು ದಿನ ನಿಲ್ಲಿಸಬೇಕೆಂದ. ಇದಕ್ಕೆ ನಾನು ಕಛೇರಿಗೆ ಅರ್ಜಿ ಬರೆದುಕೊಡಬೇಕಾಯಿತು. ರೀಸ್ಟಾರ್ಟು ಮಾಡಲು ಯಾರ ಅನುಮತಿಯೂ ಬೇಕಿರಲಿಲ್ಲ, ಮಾಡದಿರಲು ಬೇಕಾಯಿತು.

ಎಂಟು ದಿನದ ಲೆಕ್ಕ ಬಂದಾಗ ಎಲ್ಲವೂ ಬೆಳ್ಳಗೆ ಕಂಡಿತು. ಹಗಲು ಹೊತ್ತಿನಲ್ಲಿ ಮೂವತ್ತು ನಲವತ್ತು ಆಳುಗಳು ಬರುತ್ತಾರೆ, ಸಂಜೆ ಹೋಗುತ್ತಾರೆ. ಒಬ್ಬ ಮಾತ್ರ ಹೋಗುವುದೇ ಇಲ್ಲ. ಮೂರನೆಯ ದಿನಕ್ಕೆ ಅವನೊಬ್ಬನೇ ನೂರು ಕೋಟಿ ಬೈಟುಗಳನ್ನು ದಾಟಿದ್ದ. ಅವನು ಓದುವ ಕೋಣೆಯ ಕಂಪ್ಯೂಟರಿನ ಆಳು. ಓಲೆಗರಿಗಳನ್ನು ಸ್ಕ್ಯಾನ್ ಮಾಡುವ ಯಂತ್ರ ಅದಕ್ಕೆ ಸೇರಿದೆ. ಅದನ್ನು ಯಾರೂ ಎಂದೂ ಆರಿಸುವುದಿಲ್ಲ. ಟ್ರಿಜೆಲ್ ಸಾಂಬಾಕ್ಕಾಗಿ ರೂಪಿಸಿದ ಸ್ಮೃತಿಯ ಲೆಕ್ಕದ ಕ್ರಮದಲ್ಲಿ ಒಂದು ಸೌಲಭ್ಯವುಂಟು: ಪ್ರತಿಯೊಂದು ಕೈಗಡಕ್ಕೂ ಒಬ್ಬ ಹಿರಿಯನಿರುತ್ತಾನೆ, ಹಿರಿಯನನ್ನು ಬಿಡುಗಡೆ ಮಾಡಿದರೆ ಅವನ ಕೆಳಗಿನ ಮಕ್ಕಳು ಮರಿಗಳೆಲ್ಲ ಬಿಡುಗಡೆಯಾಗುತ್ತಾರೆ. ನಡೆಯುತ್ತಿರುವ ಆಳನ್ನು ನಿಲ್ಲಿಸದೆಯೇ, ನಿನ್ನ ಕೈಯಲ್ಲಿ ಏನೇನಿದೆ ಹೇಳೆಂದು ಕೇಳಬಹುದು. ಅವನು ಇಡೀ ವಂಶಾವಳಿಯನ್ನು ಬರೆದುಕೊಡುತ್ತಾನೆ. ಕೇಳಿದೆವು. ಪುಟದ ಮೇಲೆ ಪುಟ ಒಂದೇ ಹೆಸರು, ಒಂದೇ ಅಳತೆ: 4,096 ಬೈಟು, 4,096 ಬೈಟು.

ಆ ಹೆಸರು ಸಾಂಬಾದ್ದಲ್ಲ. ಯಾರು ಯಾವ ಫೈಲನ್ನು ತೆರೆದರೆಂದು ದಾಖಲೆಯಿಡುವುದಕ್ಕಾಗಿ ಹಿಂದೆ ಹೊರಗಿನವರೊಬ್ಬರಿಂದ ಬರೆಸಿ ಜೋಡಿಸಿಕೊಂಡಿದ್ದ ಒಂದು ಉಪಾಂಗದ್ದು. ಅದು ಕೇಳಿದ ಫೈಲಿನ ಹೆಸರನ್ನು ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತದೆ. ಫೈಲು ಸಿಕ್ಕರೆ, ದಾಖಲೆ ಮಾಡಿ, ಚೀಟಿಯನ್ನು ಹಿಂದಿರುಗಿಸುತ್ತದೆ. ಸಿಗದಿದ್ದರೆ "ಇಲ್ಲ" ಎಂದು ಹೇಳಿ ಅಲ್ಲಿಂದಲೇ ಹೊರಟುಬಿಡುತ್ತದೆ. ಚೀಟಿ ಕೈಯಲ್ಲೇ ಉಳಿಯುತ್ತದೆ. ಹಿಂದಿರುಗಿಸುವ ಮಾತನ್ನು ಬರೆದಾತ ಬರೆದಿದ್ದಾನೆ, ಯಶಸ್ಸಿನ ದಾರಿಯಲ್ಲಿ ಮಾತ್ರ. ಇತ್ತ ಸ್ಕ್ಯಾನ್ ಯಂತ್ರದ ಕಾರ್ಯಕ್ರಮವೋ, ಹೊಸ ಕೆಲಸವಿದೆಯೇ ಎಂದು ತಿಳಿಯಲು ಸೆಕೆಂಡಿಗೊಮ್ಮೆ ಒಂದು ಗುರುತಿನ ಫೈಲನ್ನು ಹುಡುಕುತ್ತದೆ. ಅಂಥ ಫೈಲನ್ನು ನಮ್ಮಲ್ಲಿ ಯಾರೂ ಎಂದೂ ಮಾಡಿಟ್ಟಿಲ್ಲ. ದಿನಕ್ಕೆ 86,400 ಸೆಕೆಂಡು. ಅಷ್ಟು ಸಲ "ಇದೆಯೇ", ಅಷ್ಟು ಸಲ "ಇಲ್ಲ", ಅಷ್ಟು ಚೀಟಿ. ಗುಣಿಸಿದರೆ ದಿನಕ್ಕೆ ಮೂವತ್ತೈದು ಕೋಟಿ ಬೈಟುಗಳಿಗೂ ಸ್ವಲ್ಪ ಹೆಚ್ಚು. ನಾಲ್ಕು ಗಿಗಾಬೈಟಿನ ಸರ್ವರು ಹತ್ತು ದಿನಕ್ಕೆ ಉಸಿರುಕಟ್ಟಿದ್ದರಲ್ಲಿ ಆಶ್ಚರ್ಯವೇನು? ಮೂಲ ಗೊತ್ತಿದ್ದರೆ, ಸರ್ವರನ್ನು ಮುಟ್ಟದೆ ಓದುವ ಕೋಣೆಯ ಆ ಒಂದು ಕಂಪ್ಯೂಟರನ್ನು ವಾರಕ್ಕೊಮ್ಮೆ ಆರಿಸಿದ್ದರೂ ಸಾಕಾಗುತ್ತಿತ್ತು. ಯಾರ ಹಾಡೂ ಅರ್ಧಕ್ಕೆ ನಿಲ್ಲುತ್ತಿರಲಿಲ್ಲ.

ಉಪಾಂಗವನ್ನು ಬರೆದವರನ್ನು ಹಳಿಯಲು ನನಗೆ ಮನಸ್ಸಿಲ್ಲ. ನಾವು ಅದನ್ನು ಒಪ್ಪಿಕೊಂಡ ದಿನ ಇರುವ ಫೈಲನ್ನು ತೆರೆದು ನೋಡಿದೆವು, ಇಲ್ಲದ ಫೈಲನ್ನು ಯಾರೂ ಕೇಳಿ ನೋಡಲಿಲ್ಲ. ಮೇಲ್ವಿಚಾರಕರನ್ನೂ ಹಳಿಯಲಾರೆ. ಕಾಲೇಜಿನ ಐದು ಕಟ್ಟಡಗಳ ಯಂತ್ರಗಳಿಗೆಲ್ಲ ಅವರೊಬ್ಬರೇ. ಒಂದು ಯಂತ್ರ ಸುಮ್ಮನಾದರೆ ಅವರು ಇನ್ನೊಂದರ ಕಡೆಗೆ ಓಡಬೇಕು. ಸುಮ್ಮನಾಗಿಸುವುದನ್ನೇ ನಾವು ದುರಸ್ತಿಯೆಂದು ಎಣಿಸಿ ಅವರಿಗೆ ಶಹಬಾಸ್ ಹೇಳಿದ್ದೇವೆ. ದೂರುಗಳ ಪುಸ್ತಕದಲ್ಲಿ ದೂರು ಎಷ್ಟು ಹೊತ್ತಿಗೆ ನಿಂತಿತೆಂಬ ಅಂಕಣವಿದೆ. ಏಕೆ ಬಂತೆಂಬ ಅಂಕಣವಿಲ್ಲ. ಅದೊಂದು ಅಂಕಣವನ್ನು ಗೆರೆಹಾಕಿ ಸೇರಿಸಬೇಕೆಂದು, ಯಾವ ಸರ್ವರನ್ನಾದರೂ ಆರಿಸುವ ಮೊದಲು ಅದರ ಅಂದಿನ ಸ್ಥಿತಿಯನ್ನು ಅರ್ಧ ಪುಟವಾದರೂ ಬರೆದಿಡಬೇಕೆಂದು, ಹೊತ್ತು ಗೊತ್ತುಮಾಡಿ ಆರಿಸುವುದಾದರೆ ಅದನ್ನು ಬಳಸುವವರೆಲ್ಲರಿಗೂ ಮೊದಲೇ ತಿಳಿಸಬೇಕೆಂದು ನಾನು ಬರೆದುಕೊಟ್ಟಿದ್ದೇನೆ. ಇದಕ್ಕೆ ಹಣ ಬೇಕಿಲ್ಲ. ಹಣ ಬೇಕಿಲ್ಲದ ಸೂಚನೆಗಳಿಗೆ ಸಮಿತಿಗಳಲ್ಲಿ ಬೆಲೆ ಕಡಿಮೆಯೆಂಬುದನ್ನು ಬಲ್ಲೆ, ಆದರೂ ಬರೆದುಕೊಟ್ಟಿದ್ದೇನೆ.

ತಿದ್ದುಪಡಿ ಒಂದೇ ಒಂದು ಸಾಲು. ನನ್ನ ಹಳೆಯ ವಿದ್ಯಾರ್ಥಿ ಅದನ್ನು ಬರೆದು, ಸರ್ವರನ್ನು ಅವನೇ ಕೈಯಾರೆ ಒಂದು ಸಲ ಆರಿಸಿ ಹೊತ್ತಿಸಿ, ಬಸ್ಸಿನ ಹೊತ್ತಾಯಿತೆಂದು ಹೊರಟ. ಅದಾಗಿ ನೂರ ಹತ್ತು ದಿನವಾಯಿತು. ಸರ್ವರನ್ನು ಯಾರೂ ಆರಿಸಿಲ್ಲ. ಓದುವ ಕೋಣೆಯ ಯಂತ್ರ ಈಗಲೂ ಸೆಕೆಂಡಿಗೊಮ್ಮೆ ಆ ಇಲ್ಲದ ಫೈಲನ್ನು ಕೇಳುತ್ತಲೇ ಇದೆ. ಸರ್ವರು ಪ್ರತಿ ಸಲವೂ ಇಲ್ಲವೆಂದು ಹೇಳಿ ಚೀಟಿಯನ್ನು ಹಿಂದಿರುಗಿಸುತ್ತದೆ. ಆ ಹುಡುಗಿ ಮುಂದಿನ ತಿಂಗಳು ಸುಗ್ಗಿ ಮುಗಿದಮೇಲೆ ಮತ್ತೆ ಆ ಊರಿಗೆ ಹೋಗುತ್ತಾಳಂತೆ. ಮುದುಕಿಯ ತಂಗಿಯೊಬ್ಬರು ಹೊಳೆಯಾಚೆಯ ಹಳ್ಳಿಯಲ್ಲಿದ್ದಾರೆಂದೂ, ಆ ಕಥೆ ಅವರಿಗೆ ಬಂದರೂ ಬರಬಹುದೆಂದೂ ಸುದ್ದಿ ಬಂದಿದೆ.